ಅಕ್ಕನ ಇತರೆ ಆದಾಯ

ನಮ್ಮ ಅಕ್ಕನನ್ನು ಮನೆಯಲ್ಲಿ ಎಲ್ಲರೂ ಬುಗುರಿ ಎನ್ನುತ್ತೇವೆ. ಎಲ್ಲರೂ ಎಂದರೆ ಅಮ್ಮ ಮತ್ತು ನಾನು. ಅವಳು ಸಿಟಿ ಬಸ್ಸಿನ ಡ್ರೈವರು. ಬೆಳಕು ಹರಿಯುವ ಮೊದಲೇ ಡಿಪೋಗೆ ಹೋಗಿ ಮಧ್ಯಾಹ್ನದ ಮೇಲೆ ಬರುತ್ತಾಳೆ. ಬಂದವಳು ಚಪ್ಪಲಿ ಬಿಡುವಷ್ಟರಲ್ಲಿ ಒಂದು ಕೈಗೆ ಪೊರಕೆ ಬಂದಿರುತ್ತದೆ, ಇನ್ನೊಂದಕ್ಕೆ ಅಮ್ಮನ ಮಾತ್ರೆ. ಅವಳು ಕೂತು ಊಟ ಮಾಡಿದ್ದನ್ನು ನಾನು ನೋಡಿಲ್ಲ. ಒಲೆ ಕಟ್ಟೆಗೆ ಒರಗಿ ನಿಂತೇ ಮುಗಿಸುತ್ತಾಳೆ. ಅಮ್ಮ ಸೊಂಟದ ಮೂಳೆ ಮುರಿದುಕೊಂಡು ಮಂಚ ಹಿಡಿದ ಮೇಲೆ ರಾತ್ರಿ ಪಾಳಿಯೂ ಅವಳದೇ ಆಯಿತು. ಅಮ್ಮ ಕರೆದಾಗಲೆಲ್ಲ ಎದ್ದು ಮಗ್ಗುಲು ತಿರುಗಿಸಬೇಕು, ಬಚ್ಚಲಿಗೆ ನಡೆಸಿಕೊಂಡು ಹೋಗಬೇಕು. ನಾನೂ ಅಮ್ಮನ ಮಗನೇ. ಆದರೆ ಮುಂದಿನ ಕೋಣೆಯಲ್ಲಿ ಮಲಗುವ ನನಗೆ ಆ ಕರೆ ಕೇಳಿಸುವುದಿಲ್ಲ. ರಾತ್ರಿ ಗೋಡೆ ಬಿದ್ದರೂ ಬೆಳಿಗ್ಗೆ ಎದ್ದು, ಇದೇನು ಇಷ್ಟು ಗಾಳಿ, ಎಂದು ಕೇಳುವ ಪೈಕಿ ನಾನು.

ನನ್ನ ಕೆಲಸ ಫ್ರಿಜ್ಜು ಮಾರುವ ಕಂಪನಿಯೊಂದರ ದೂರು ವಿಭಾಗದಲ್ಲಿ. ದಿನವಿಡೀ ಫೋನಿನಲ್ಲಿ 'ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ' ಎನ್ನುತ್ತಿರುತ್ತೇನೆ. ಯಾರ ತೊಂದರೆಯೂ ನನಗೆ ಈವರೆಗೆ ಅರ್ಥವಾದದ್ದಿಲ್ಲ. ಇಂಥವನಿಗೆ ಮನೆಯಲ್ಲಿ ಉಳಿದಿರುವ ಮರ್ಯಾದೆ ಒಂದೇ: ವರ್ಷಕ್ಕೊಮ್ಮೆ ಅಕ್ಕನ ತೆರಿಗೆ ರಿಟರ್ನ್ ತುಂಬಿಕೊಡುವುದು. ತುಂಬುವುದು ನಾನಲ್ಲ, ಸಾಫ್ಟ್‌ವೇರು. ಅದು ಕೇಳುತ್ತದೆ, ನಾನು ಒತ್ತುತ್ತೇನೆ. ಹೊಸ ಬೀಗರಷ್ಟು ವಿನಯ ಅದಕ್ಕೆ. ಬೀಗರಷ್ಟೇ ಅನುಮಾನವೂ ಉಂಟು. ಸ್ವಲ್ಪ ಹೊತ್ತು ಏನೂ ಒತ್ತದೆ ಕೂತರೆ 'ನೀವು ಇನ್ನೂ ಇದ್ದೀರಾ?' ಎಂದು ಕೇಳುತ್ತದೆ. ಹೌದು ಎನ್ನದಿದ್ದರೆ ತುಂಬಿದ್ದನ್ನೆಲ್ಲ ಅಳಿಸಿಹಾಕುತ್ತದೆ.

ಅಕ್ಕನ ವಾರದ ರಜೆಯ ದಿನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಅಮ್ಮನ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಅವಳ ಕೊಲೆ ಸೀರಿಯಲ್ ಹಳೆಯ ಕಂತೊಂದರಿಂದ ಚೀರುತ್ತಿತ್ತು. ಆ ಸೀರಿಯಲ್ಲೇ ಅಮ್ಮನ ಊಟ, ತಿಂಡಿ. ಕೆಲವು ತಿಂಗಳ ಹಿಂದೆ ಒಂದು ಸಂಜೆ ಅದನ್ನು ನೋಡುತ್ತಿದ್ದವಳು ಓವರ್‌ಟೈಮಿಗೆ ಹೋಗಿದ್ದ ಅಕ್ಕನಿಗೆ ಫೋನಿನ ಮೇಲೆ ಫೋನು ಹಚ್ಚಿ, ಬಸ್ಸು ನಿಲ್ದಾಣ ಸೇರಿ ಅವಳು ಎತ್ತಿದಾಗ, 'ಸಕ್ಕರೆ ಮುಗಿದಿದೆ' ಎಂದಿದ್ದಳು. ಡಬ್ಬಿ ತುಂಬ ಸಕ್ಕರೆ ಇತ್ತು. ಅಮ್ಮನನ್ನು ಆಡಿಕೊಳ್ಳಲು ನನಗೆ ಆ ಸಕ್ಕರೆ ಬಹಳ ದಿನ ಬಂತು.

ಸಂಬಳದ ಭಾಗ ಒಂದೇ ಉಸಿರಿಗೆ ಮುಗಿಯಿತು. ಮುಂದಿನ ಪ್ರಶ್ನೆ: ಹೋದ ಹಣಕಾಸು ವರ್ಷದಲ್ಲಿ ಸಂಬಳವಲ್ಲದೆ ಬೇರೆ ಆದಾಯ ಬಂದಿದೆಯೇ? ನಾನು ಪ್ರತಿ ವರ್ಷದಂತೆ 'ಇಲ್ಲ'ದ ಮೇಲೆ ಬೆರಳಿಟ್ಟೆ.

"ಹೌದು ಅಂತ ಹಾಕು," ಎಂದಳು ನನ್ನ ಬೆನ್ನ ಹಿಂದೆ ಬಟ್ಟೆ ಮಡಿಸುತ್ತಿದ್ದ ಅಕ್ಕ.

"ಯಾಕೆ, ಟಿಕೆಟ್ ದುಡ್ಡಲ್ಲಿ ಕೈ ಹಾಕಿದ್ಯಾ?"

"ಸೀರಿಯಲ್‌ನೋರು ಕೊಟ್ಟಿದ್ದು. ತೆರಿಗೆ ಹಿಡ್ಕೊಂಡೇ ಕೊಟ್ಟಿದಾರೆ. ತೋರಿಸ್ಲೇಬೇಕಂತೆ."

ನಾನು ತಿರುಗಿ ನೋಡಿದೆ. ದಿಂಬಿನ ಚೀಲದ ಮೂಲೆಗೆ ಮೂಲೆ ಸೇರಿಸುತ್ತಿದ್ದಳು, ಮುಖದಲ್ಲಿ ಏನೂ ಇಲ್ಲ.

"ಸೀರಿಯಲ್ಲಲ್ಲಿ ನೀನೇನೇ ಮಾಡ್ದೆ?"

"ಹೆಣ," ಎಂದಳು. "ಮೆತ್ತಗೆ ಮಾತಾಡು, ಅಮ್ಮಂಗೆ ಕೇಳುತ್ತೆ."

ಫ್ರಿಜ್ಜಿನಲ್ಲಿ ಬೆಕ್ಕು ಸಿಕ್ಕಿಕೊಂಡಿದೆ ಎಂಬ ದೂರಿಗೂ ತಯಾರಿದ್ದ ನಾನು ಎರಡು ಸಲ ತಪ್ಪು ಗುಂಡಿ ಒತ್ತಿ, ಆಮೇಲೆ 'ಹೌದು' ಒತ್ತಿದೆ. ಸಾಫ್ಟ್‌ವೇರು ಮಾತ್ರ ಕಿಂಚಿತ್ತೂ ಅಲುಗದೆ ವೃತ್ತಿಗಳ ದೊಡ್ಡ ಪಟ್ಟಿ ಬಿಚ್ಚಿತು. ಕ್ಷೌರಿಕರು, ಛಾಯಾಗ್ರಾಹಕರು, ಪಿಟೀಲು ವಾದಕರು. ಕೆಳಗೆ ಹೋಗುತ್ತಾ ಹೋಗುತ್ತಾ ಹೆಣ ಸಿಗಲಿಲ್ಲ.

"ನಟನೆ ಅಂತ ಹಾಕ್ಲಾ?"

"ನಟನೆ ಎಲ್ಲಿ ಬಂತೋ. ಸುಮ್ನೆ ಮಲಗಿದ್ದೆ."

"ಈ ಕೆಲಸಕ್ಕೆ ಆದ ಖರ್ಚು ಕೇಳ್ತಿದೆ."

ಅಕ್ಕ ಯೋಚಿಸಿದಳು. "ಶಾಂಪೂ. ಕೂದಲಿಂದ ಆ ರಕ್ತ ಹೋಗ್ಬೇಕಾದ್ರೆ ಸಾಕುಸಾಕಾಯ್ತು."

ನಾನು ಶಾಂಪೂ ನಮೂದಿಸಿದೆ. ನಗುತ್ತಲೂ ಇದ್ದೆ. ಆಮೇಲೆ ಪರದೆಯ ಮೇಲೆ ಈ ಪ್ರಶ್ನೆ ಬಂತು: ಇದು ಒಮ್ಮೆ ಮಾತ್ರ ಮಾಡಿದ ಕೆಲಸವೇ, ಅಥವಾ ಮುಂದುವರಿಸುತ್ತೀರಾ? ಜೋರಾಗಿ ಓದಿ ಉತ್ತರಕ್ಕೆ ಕಾದೆ. ಹಿಂದೆ ಬಟ್ಟೆಯ ಸದ್ದು ನಿಂತಿತ್ತು.

'ನೀವು ಇನ್ನೂ ಇದ್ದೀರಾ?' ಎಂದಿತು ಸಾಫ್ಟ್‌ವೇರು. ಹೌದು ಒತ್ತಿದೆ.

"ಮತ್ತೆ ಕರೀತಿದಾರೆ," ಎಂದಳು ಅಕ್ಕ. "ಅಲ್ಲಾಡದೆ ಇಷ್ಟು ಚೆನ್ನಾಗಿ ಮಲಗೋರು ಸಿಗಲ್ವಂತೆ. ನಾನೇನು ಮಾಡ್ದೆ ಗೊತ್ತಾ? ಮೇಜಿನ ಮೇಲೆ ಮಲಗಿಸಿ, ಬಿಳಿ ಬಟ್ಟೆ ಹೊದಿಸಿ, ಅಲ್ಲಾಡ್ಬೇಡಿ ಮೇಡಂ ಅಂದ್ರು. ಅಲ್ಲಾಡ್ಬೇಡ ಅಂತ ನಂಗೆ ಯಾರೂ ಹೇಳಿರ್ಲಿಲ್ಲ ಕಣೋ ಇಷ್ಟು ವರ್ಷ. ನಿದ್ದೆ ಹೋಗ್ಬಿಟ್ಟೆ. ಅವರ ಪಾಡಿಗೆ ಅವರು ಶೂಟಿಂಗ್ ಮಾಡ್ಕೊಂಡಿದಾರೆ, ಊಟಕ್ಕೆ ಹೋಗಿದಾರೆ, ಬಂದಿದಾರೆ. ಎದ್ದಾಗ ಯಾರೋ ಕಾಲ್ಮೇಲೆ ಕಂಬಳಿ ಹಾಕಿದ್ರು."

"ನಿಂಗ್ಯಾಕೆ ಬೇಕಿತ್ತು ಇದು? ರಜೆ ದಿನ ಮನೇಲೇ ಮಲಗ್ಬಹುದಿತ್ತಲ್ಲ."

ಕೇಳಿದ ಮೇಲೆ ಮನೆಯತ್ತ ಕಣ್ಣು ಹಾಯಿಸಿದೆ. ಮಡಿಸಿದ ಬಟ್ಟೆ, ನೆನೆಹಾಕಿದ ಪಾತ್ರೆ, ತೆರೆದ ಬಾಗಿಲಾಚೆ ಮಂಚ. ಪ್ರಶ್ನೆಯನ್ನು ವಾಪಸ್ಸು ನುಂಗಲು ಆಗಲಿಲ್ಲ.

"ನಮ್ಮ ಕಂಡಕ್ಟರಮ್ಮ ಕಳಿಸಿದ್ದು. ಅವಳ ತಮ್ಮ ಅಲ್ಲಿ ಮೇಕಪ್ ಮಾಡ್ತಾನೆ." ಅಕ್ಕನ ದನಿ ಇನ್ನೂ ಇಳಿಯಿತು. "ಅದಕ್ಕಿಂತ ಹಿಂದಿನ ವಾರ ಮೇಲ್ಸೇತುವೆ ಕೆಳಗಿನ ಸಿಗ್ನಲ್ಲಲ್ಲಿ ಬಸ್ ನಿಲ್ಲಿಸಿದ್ದೆ. ಹಸಿರು ಬಿದ್ದಿದೆ, ಅವಳು ಸೀಟಿ ಊದಿದಾಳೆ, ನಂಗೆ ಗೊತ್ತಿಲ್ಲ. ಮುಂದೆ ಬಂದು ನೋಡಿದ್ರೆ ನಾನು ಕಣ್ಮುಚ್ಚಿದೀನಿ. ಸ್ಟೇರಿಂಗ್ ಹಿಡ್ಕೊಂಡೇ ಇದೀನಂತೆ. ಬ್ರೇಕ್ ಮೇಲೆ ಕಾಲಿತ್ತು, ಅದೊಂದೇ ಪುಣ್ಯ."

"ಬಸ್ಸಲ್ಲಿ ಜನ ಇದ್ರಾ?"

"ತುಂಬಿತ್ತು. ನೀನೂ ಇದ್ದೆ. ಹಿಂದಿನ ಸೀಟಲ್ಲಿ ಬಾಯಿ ತೆಕ್ಕೊಂಡು ಗೊರಕೆ ಹೊಡೀತಿದ್ದೆ."

ಅಕ್ಕನ ಬಸ್ಸಿನಲ್ಲಿ ಆಫೀಸಿಗೆ ಹೋಗುವಾಗ ನಾನು ಮಲಗುವುದು ನಿಜ. ಓಡಿಸುವವಳು ಅಕ್ಕನಲ್ಲವೇ ಎಂಬ ಧೈರ್ಯ. ಒಂದೇ ಬಸ್ಸಿನ ಹಿಂದಿನ ಸೀಟಿನಲ್ಲಿ ತಮ್ಮ, ಮುಂದಿನ ಸೀಟಿನಲ್ಲಿ ಅಕ್ಕ, ಇಬ್ಬರೂ ನಿದ್ದೆ. ನಡುವೆ ಟಿಕೆಟ್ ಕೊಂಡು ನಿಂತಿರುವ ಜನ. ಆ ಚಿತ್ರ ಕಣ್ಣಿಂದ ಹೋಗದು.

"ಒಂದೇ ಸಲ ಅಂತ ಒತ್ತು," ಎಂದಳು ಅಕ್ಕ. "ಹೋಗಲ್ಲ ನಾನು. ದಿನಗಟ್ಟಲೆ ಹೋಗಿ ಬಿದ್ದಿದ್ರೆ ಅಮ್ಮನ್ನ ಯಾರು ಎತ್ತೋರು?"

ಒಳಗೆ ಟೀವಿಯ ಸದ್ದು ಯಾವಾಗಲೋ ನಿಂತಿತ್ತು. ಅದನ್ನು ನಾವಿಬ್ಬರೂ ಆಗಷ್ಟೇ ಗಮನಿಸಿದೆವು.

"ಹೆಬ್ಬೆರಳಿಗೆ ಚೀಟಿ ಕಟ್ಟಿದ್ರಲ್ಲೇ," ಎಂದಿತು ಅಮ್ಮನ ದನಿ.

ಅಕ್ಕನ ಕೈಯಿಂದ ದಿಂಬಿನ ಚೀಲ ಜಾರಿತು.

"ಕಾಲಷ್ಟೇ ತೋರಿಸಿದ್ರು. ಉಗುರು ಸೀಳಿರೋದು ನಂಗೆ ಗೊತ್ತಾಗಲ್ವಾ? ಗ್ಯಾಸ್ ಸಿಲಿಂಡರ್ ಕಾಲ್ಮೇಲೆ ಬಿದ್ದಾಗ ಪಟ್ಟಿ ಕಟ್ಟಿದ್ದು ಯಾರು? ಅಷ್ಟು ಜನ ನಿಂತ್ಕೊಂಡು ನನ್ನ ಮಗಳ ಕಾಲು ನೋಡ್ತಿದಾರೆ. ನೀನು ಮನೇಲಿಲ್ಲ. ಫೋನ್ ಎತ್ತಲ್ಲ. ನಂಗೆ ಏಳೋಕಾಗಲ್ಲ."

"ಮತ್ಯಾಕೆ ಸಕ್ಕರೆ ಅಂದೆ?" ಎಂದೆ ನಾನು.

"ಎತ್ತಿದ್ಮೇಲೆ ಏನು ಕೇಳ್ಲೋ? ಬದುಕಿದೀಯಾ ಅಂತಾನಾ? ಸಕ್ಕರೆ ಅಂದೆ."

ಸಾಫ್ಟ್‌ವೇರು ಮತ್ತೆ ವಿಚಾರಿಸಿತು, ಒತ್ತಿದೆ.

"ಹೋದ ವರ್ಷ ಹೋಗಿದ್ದು ಒಂದೇ ಸಲ. ಅದನ್ನೇ ಹಾಕು, ಸುಳ್ಳು ಬೇಡ," ಎಂದಳು ಅಮ್ಮ. "ಮತ್ತೆ ಹೋಗೋದು ಬಿಡೋದು ಅವಳಿಷ್ಟ. ಆದ್ರೆ ನಿದ್ದೆ ಮಾಡೋಕೆ ಅಂತ ಅವಳು ಸಾಯೋದು ಬೇಡ. ಇವತ್ತಿಂದ ನಿನ್ನ ಹಾಸಿಗೆ ಇಲ್ಲಿ, ನನ್ನ ಮಂಚದ ಪಕ್ಕ."

"ಅಮ್ಮಾ, ನಂಗೆ ಎಚ್ಚರ ಆಗಲ್ಲ."

"ಕೋಲಿದೆ," ಎಂದಳು ಅಮ್ಮ.

ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ ಎನ್ನಲು ನಾಲಿಗೆ ಏಳಲಿಲ್ಲ. 'ಒಮ್ಮೆ ಮಾತ್ರ' ಒತ್ತಿದೆ. ಅಕ್ಕನ ಆ ಒಂದು ದಿನ 'ಇತರೆ ಆದಾಯ'ದ ಮನೆಯಲ್ಲಿ ಹೋಗಿ ಕೂತಿತು. ಉಳಿದದ್ದು ಒಂದೇ ಕೆಲಸ, ಅಕ್ಕನ ಮೊಬೈಲಿಗೆ ಬರುವ ಒಟಿಪಿ ಹಾಕಿ ಸಲ್ಲಿಸುವುದು.

"ಮೊಬೈಲ್ ಕೊಡು," ಎಂದು ತಿರುಗಿದೆ.

ಅವಳು ಕೂತಿದ್ದಳು. ನಮ್ಮ ಬುಗುರಿ ಗೋಡೆ ಪಕ್ಕದ ಕುರ್ಚಿಯಲ್ಲಿ, ಮಡಿಸದ ಬಟ್ಟೆಯನ್ನೆಲ್ಲ ಮಡಿಲಲ್ಲಿಟ್ಟುಕೊಂಡು, ತಲೆ ಒಂದು ಕಡೆ ವಾಲಿಸಿ ನಿದ್ದೆ ಹೋಗಿದ್ದಳು. ಮೊಬೈಲು ಎಲ್ಲೋ ಆ ಬಟ್ಟೆಗಳ ಅಡಿಯಲ್ಲಿ ಒಮ್ಮೆ ಗುಂಯ್ ಎಂದಿತು.

"ಏನಂತೆ?" ಎಂದಳು ಅಮ್ಮ ಒಳಗಿನಿಂದ.

"ಮಲಗಿದಾಳೆ."

"ಎಬ್ಬಿಸ್ಬೇಡ. ಕಾಲ್ಮೇಲೆ ಏನಾದ್ರೂ ಹಾಕು."

ನನ್ನ ಹೊದಿಕೆ ತಂದು ಹಾಕಿದೆ. ಸೀಳಿದ ಉಗುರಿನ ಹೆಬ್ಬೆರಳು ಹೊರಗೆ ಉಳಿಯಿತು, ಅದನ್ನೂ ಮುಚ್ಚಿದೆ. ಬಂದು ಲ್ಯಾಪ್‌ಟಾಪ್ ಮುಂದೆ ಕೂತೆ. 'ನೀವು ಇನ್ನೂ ಇದ್ದೀರಾ?' ಎಂದು ಕೇಳಿತು. ಹೌದು ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿತು, ಮತ್ತೆ ಒತ್ತಿದೆ. ಕೀಲಿಯ ಸದ್ದಾಗದಂತೆ ಒತ್ತುವುದನ್ನು ಆ ಮಧ್ಯಾಹ್ನ ಕಲಿತೆ.