ಮೂರನೆಯ ಕೈಯ ಕೆಲಸ

ರಾಮನಗರದ ನಮ್ಮ ಬೀದಿಯ ತುದಿಯಲ್ಲಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿಯವರೊಬ್ಬರಿದ್ದರು. ಬಲಗೈ ಮೌಸಿನ ಮೇಲೆ, ಎಡಗೈಯಲ್ಲಿ ಗಿರಾಕಿಯ ಆಧಾರ್ ಕಾರ್ಡು, ಕಿವಿಗೂ ಹೆಗಲಿಗೂ ನಡುವೆ ಫೋನು. "ಇನ್ನೊಂದು ಕೈ ಕೊಟ್ಟಿದ್ರೆ ದೇವ್ರ ಗಂಟೇನು ಹೋಯ್ತಿತ್ತು" ಎಂದು ದಿನಕ್ಕೆ ಹತ್ತು ಸಲ ಅನ್ನುವರು. ತಮಾಷೆಗಲ್ಲ. ಮೂರನೆಯ ಕೈ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯಬೇಕು, ನಾಲ್ಕನೆಯದು ಒಟಿಪಿ ಬರುವ ಫೋನು ಹಿಡಿದಿರಬೇಕು, ಐದನೆಯದು ಟೀ ಲೋಟಕ್ಕೆ. ಆರನೆಯದಕ್ಕೆ ಅಂಗಡಿಯಲ್ಲಿ ಜಾಗವಿಲ್ಲ ಎಂದೂ ಯೋಚಿಸಿಟ್ಟಿದ್ದರು.

ಒಮ್ಮೆ ನಾನು ಅಲ್ಲಿ ಕಾಯುತ್ತಿದ್ದಾಗ ವಯಸ್ಸಾದ ಹೆಂಗಸೊಬ್ಬರು ರೇಷನ್ ಕಾರ್ಡಿಗೆ ಬೆರಳಚ್ಚು ಕೊಡಲು ಬಂದರು. ನಲವತ್ತು ವರ್ಷ ಬಿಸಿನೀರಿಗೆ ಕೈಯಿಟ್ಟು ರೇಷ್ಮೆ ನೂಲು ತೆಗೆದವರು. ಅಂಗಡಿಯವರು ಅವರ ಹತ್ತು ಬೆರಳನ್ನೂ ಒಂದೊಂದಾಗಿ ಒತ್ತಿಸಿದರು. ಬೆರಳುಗಳಲ್ಲಿ ಗೆರೆಯೇ ಉಳಿದಿರಲಿಲ್ಲ. ಯಂತ್ರ ಒಂದನ್ನೂ ಒಪ್ಪಲಿಲ್ಲ.

"ಇನ್ನೊಂದು ಬೆರಳು ಇಡಮ್ಮ" ಎಂದರು, ಅಭ್ಯಾಸಬಲದಿಂದ.

"ಇರೋವೆಲ್ಲ ಇಟ್ಟಾಯ್ತಲ್ಲಪ್ಪ" ಎಂದರು ಆಕೆ. "ಅಕ್ಕಿ ನಿಂತೋಯ್ತದಾ?"

ಅಂಗಡಿಯವರು ಮೌಸು ಬಿಟ್ಟು, ಆಕೆಯ ಬೆರಳುಗಳನ್ನು ಒರೆಸಿ, ಮತ್ತೆ ಹೆಬ್ಬೆಟ್ಟಿನಿಂದ ಶುರುಮಾಡಿದರು. ಆಗಲೂ ಆಗಲಿಲ್ಲ.

ವಾರದ ನಂತರ ಹೋದಾಗ ನಾನೇ ಕೇಳಿದೆ, ಮೂರನೆಯ ಕೈ ಬಂದರೆ ಈಗಲೂ ಪ್ರಿಂಟರಿಗೇನಾ ಎಂದು. ಅವರು ಹೆಗಲಿನ ಫೋನು ಜಾರದಂತೆ ಕತ್ತು ಓರೆ ಮಾಡಿಕೊಂಡೇ ಹೇಳಿದರು:

"ಇಲ್ಲ ಕಣಪ್ಪ, ಆಯಮ್ಮಂಗೆ ಕೊಟ್ಬುಡ್ತೀನಿ. ಹೊಸ ಕೈ ಅಲ್ವಾ, ಗೆರೆ ಇನ್ನೂ ಸವ್ದಿರಾಕಿಲ್ಲ."