ಎರಡು ಸಲ ಬರೆದ ತಪ್ಪು

ಬೀದಿದೀಪ ಇನ್ನೂ ಆರಿಲ್ಲ. ಇಸ್ತ್ರಿ ಅಂಗಡಿಯ ಒಂದು ಬಾಗಿಲು ಮಾತ್ರ ತೆರೆದಿದೆ. ಕೆಂಡ ತುಂಬಿದ ಪೆಟ್ಟಿಗೆಯನ್ನು ಒದ್ದೆ ಬಟ್ಟೆಯ ಮೇಲೊಮ್ಮೆ ಆಡಿಸಿ, ಚುಂಯ್ ಎಂದ ಸದ್ದಿನಲ್ಲೇ ಬಿಸಿಯ ಅಂದಾಜು ಹಿಡಿದು, ಇಸ್ತ್ರಿ ಅಕ್ಕ ಬಿಳಿ ಅಂಗಿಯೊಂದರ ಕಾಲರಿಗೆ ಕೈ ಹಾಕುತ್ತಾರೆ. ಕೈಗೆ ಒಂದು ಕೆಲಸವಾದರೆ ಬಾಯಿಗೆ ಇನ್ನೊಂದು.

"ಮೂರು, ಏಳು, ಹದಿನೈದು, ಮೂವತ್ತೊಂದು. ಮುಂದಿನ ಸಂಖ್ಯೆ ಯಾವುದು? ಆಯ್ಕೆ ಒಂದು, ನಲವತ್ತೇಳು. ಆಯ್ಕೆ ಎರಡು, ಐವತ್ತೊಂಬತ್ತು. ಆಯ್ಕೆ ಮೂರು, ಅರವತ್ತಮೂರು. ಆಯ್ಕೆ ನಾಲ್ಕು, ಅರವತ್ತೈದು."

"ಮೂರನೇ ಪ್ಲಾಟ್‌ಫಾರಂ," ಎನ್ನುತ್ತದೆ ಮೂಲೆಯ ಸ್ಟೂಲಿನಿಂದ ಒಂದು ದನಿ.

ಈ ಊರಿನಲ್ಲಿ ಬಸ್ಸು ಹತ್ತಿದವರಿಗೆಲ್ಲ ಆ ದನಿ ಗೊತ್ತು. ಮುಖ ಗೊತ್ತಿರುವವರು ಕಡಿಮೆ. ಹುಟ್ಟಿದಾಗಿನಿಂದ ಕಣ್ಣು ಕಾಣದ ಈ ಹೆಂಗಸು ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕುಳಿತು, ಯಾವ ಬಸ್ಸು ಯಾವ ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದೆಯೆಂದು ಕೂಗುವ ದಿನಗೂಲಿ ಅನೌನ್ಸರ್. ನಾಲ್ಕು ಆಯ್ಕೆಗಳೆಂದರೆ ಇವರಿಗೆ ನಾಲ್ಕು ಪ್ಲಾಟ್‌ಫಾರಂ. ಪ್ರಶ್ನೆಯೆಂದರೆ ಬಸ್ಸು. ಎಲ್ಲಿ ನಿಂತಿದೆ ಎಂದು ಒಮ್ಮೆ ಕೂಗಿದರೆ ಆಮೇಲೆ ಮರೆಯುವ ಮಾತೇ ಇಲ್ಲವಂತೆ.

ಇವತ್ತು ಸರ್ಕಾರಿ ಗುಮಾಸ್ತರ ಹುದ್ದೆಗೆ ಪರೀಕ್ಷೆ. ಇನ್ನು ಕೆಲವೇ ಗಂಟೆಗಳಲ್ಲಿ ಅನೌನ್ಸರ್ ಉತ್ತರ ಹೇಳಬೇಕು, ಇಸ್ತ್ರಿ ಅಕ್ಕ ಅದನ್ನು ಉತ್ತರ ಪತ್ರಿಕೆಯ ವೃತ್ತಗಳಲ್ಲಿ ತುಂಬಬೇಕು. ಕಾಗದಪತ್ರಗಳಲ್ಲಿ ಈ ಕೆಲಸಕ್ಕೆ 'ಸಹಾಯಕ ಬರಹಗಾರರು' ಎಂಬ ದೊಡ್ಡ ಹೆಸರಿದೆ. ಸಂಬಳವಿಲ್ಲ, ಹೆಸರು ಎಲ್ಲೂ ಬರುವುದಿಲ್ಲ. ಪಾಸಾದವರ ಫೋಟೊ ಪತ್ರಿಕೆಯಲ್ಲಿ ಬಂದಾಗ ಅದೇ ಪತ್ರಿಕೆಯಲ್ಲಿ ಅಂಗಿ ಸುತ್ತಿ ಕೊಡುವುದು ಇಸ್ತ್ರಿ ಅಕ್ಕನ ಭಾಗ್ಯ.

ಅನೌನ್ಸರ್‌ಗೆ ಇದು ಕೊನೆಯ ಅವಕಾಶ. ಮುಂದಿನ ವರ್ಷಕ್ಕೆ ವಯಸ್ಸಿನ ಮಿತಿ ದಾಟುತ್ತದೆ. ಹೋಗಲಿ, ಇರುವ ಕೆಲಸವಾದರೂ ಗಟ್ಟಿಯೇ ಎಂದರೆ ಅದೂ ಇಲ್ಲ. ನಿಲ್ದಾಣಕ್ಕೆ ಕೂಗುವ ಯಂತ್ರ ಬಂದಾಗಿದೆ, ಪೆಟ್ಟಿಗೆ ಬಿಚ್ಚಿ ಜೋಡಿಸುವುದಷ್ಟೇ ಬಾಕಿ. ವಿಪರ್ಯಾಸವೆಂದರೆ ಅದರೊಳಗೆ ತುಂಬಿರುವುದೂ ಇವರದೇ ದನಿ. "ಒಂದು ದಿನ ಪೂರ್ತಿ ಕೂರಿಸಿ ಎಲ್ಲಾ ಊರಿನ ಹೆಸರು ಹೇಳಿಸ್ಕೊಂಡ್ರು. ನಾನೂ ಪೆದ್ದಿ, ಚೆನ್ನಾಗೇ ಹೇಳ್ಬಿಟ್ಟೆ," ಎಂದು ನಗುತ್ತಾರೆ. ನಗುವಾಗಲೂ ಬೆರಳುಗಳು ಸ್ಟೂಲಿನ ಅಂಚನ್ನು ಬಿಗಿಯಾಗಿ ಹಿಡಿದಿರುತ್ತವೆ. ಅಣ್ಣನ ಮನೆಯಲ್ಲಿ ವಾಸ. ಅತ್ತಿಗೆ ಕೆಟ್ಟವಳಲ್ಲ, ಆದರೆ ಕೂತು ತಿನ್ನುವ ನಾದಿನಿಯನ್ನು ಎಷ್ಟು ವರ್ಷ ಅಂತ ಸಹಿಸಿಕೊಂಡಾಳು?

ಇಸ್ತ್ರಿ ಅಕ್ಕ ಈ ಕೆಲಸಕ್ಕೆ ಬಂದದ್ದೂ ಅನೌನ್ಸರ್ ದೆಸೆಯಿಂದಲೇ. ವರ್ಷಗಳ ಹಿಂದೆ, ಬರೆಯಲು ಒಪ್ಪಿದ್ದ ಹುಡುಗಿ ಪರೀಕ್ಷೆಯ ಹಿಂದಿನ ದಿನ ಕೈಕೊಟ್ಟಳು. ಇಸ್ತ್ರಿಗೆ ಬಟ್ಟೆ ತಂದಿದ್ದ ಅನೌನ್ಸರ್ ಅಂಗಡಿಯ ಮುಂದೆ ಕೂತು ಅತ್ತೇಬಿಟ್ಟರು. ಬರೆಯುವವರು ಅಭ್ಯರ್ಥಿಗಿಂತ ಕಡಿಮೆ ಓದಿರಬೇಕು ಎಂಬುದು ನಿಯಮ. ಅನೌನ್ಸರ್ ಪದವೀಧರೆ, ಇಸ್ತ್ರಿ ಅಕ್ಕ ಹತ್ತನೇ ತರಗತಿಗೆ ಶಾಲೆ ಬಿಟ್ಟವರು. "ಓದು ಬಿಟ್ಟಿದ್ದಕ್ಕೂ ಬೆಲೆ ಕೊಟ್ಟ ಜಾಗ ಅದೊಂದೇ ನೋಡಿ," ಎನ್ನುತ್ತಾರೆ. ಆಮೇಲೆ ಬೇರೆಯವರೂ ಹುಡುಕಿಕೊಂಡು ಬಂದರು. ಅತ್ತೆಯವರ ಗೊಣಗಾಟ ಬೇರೆ: "ನಮ್ಮ ಸೊಸೆ ಬರೆದಷ್ಟು ಪರೀಕ್ಷೆ ಯಾರೂ ಬರೆದಿಲ್ಲ. ಒಂದೂ ಪಾಸಾಗಿಲ್ಲ!"

ದಿನಕ್ಕೆ ನೂರಕ್ಕೂ ಹೆಚ್ಚು ಬಟ್ಟೆಗಳ ಮೇಲೆ ಪೆಟ್ಟಿಗೆ ಓಡಬೇಕು. ಅದರ ನಡುವೆಯೇ ಅಭ್ಯಾಸ. ಅಭ್ಯಾಸವೆಂದರೆ ಲೆಕ್ಕ ಕಲಿಯುವುದಲ್ಲ, ಓದುವ ದನಿಯನ್ನು ಪಳಗಿಸುವುದು. ನಾಲ್ಕು ಆಯ್ಕೆಗಳನ್ನೂ ಒಂದೇ ಏರಿಳಿತದಲ್ಲಿ ಓದಬೇಕು. ಸರಿಯುತ್ತರ ಬಂದಾಗ ದನಿ ಒಂದಿಷ್ಟು ತಡವರಿಸಿದರೂ ಕೇಳುವ ಕಿವಿಗೆ ಸುಳಿವು ಸಿಕ್ಕಿಬಿಡುತ್ತದೆ. "ಕಣ್ಣಿಲ್ಲದೋರ ಕಿವಿ ಅಂದ್ರೆ ಸಾಮಾನ್ಯವಾ? ಉಸಿರು ಹೆಚ್ಚು ಕಡಿಮೆ ಆದ್ರೂ ಹಿಡೀತಾರೆ. ತಪ್ಪು ಹೇಳಿದ್ರೆ ತಪ್ಪನ್ನೇ ತುಂಬ್ಬೇಕು, ಸರಿ ಹೇಳಿದಾಗ ಎಷ್ಟು ಬೇಗ ತುಂಬ್ತೀನೋ ಅಷ್ಟೇ ಬೇಗ. ಆಮೇಲೆ ಅವರಿಗೆ ಕೆಲಸ ಸಿಕ್ಕಿದ್ರೆ ಜನ ಏನಂತಾರೆ ಗೊತ್ತಾ? 'ಬರೆದೋರು ಯಾರೋ, ಕುರ್ಚಿ ಸಿಕ್ಕಿದ್ದು ಇವರಿಗೆ' ಅಂತಾರೆ. ಆ ಮಾತು ಬರಬಾರ್ದು," ಎನ್ನುತ್ತಾರೆ ಇಸ್ತ್ರಿ ಅಕ್ಕ.

ಮಡಿಸಿದ ಬಟ್ಟೆಗಳನ್ನು ಸೈಕಲ್ಲಿಗೆ ಕಟ್ಟುತ್ತಿದ್ದ ಗಂಡ, ಇಸ್ತ್ರಿಯಣ್ಣ, ಇವರ ಬಗ್ಗೆ ಬರೆಯಲು ಬಂದಿರುವ ನನ್ನತ್ತ ತಿರುಗಿ ನಡುವೆ ಬಾಯಿ ಹಾಕುತ್ತಾರೆ. "ಮನೇಲೂ ಅದೇ ದನಿ ಸ್ವಾಮಿ. ಊಟಕ್ಕೆ ನಾಲ್ಕು ಆಯ್ಕೆ ಓದ್ತಾಳೆ, ನಾಲ್ಕೂ ತಂಗಳೇ."

ಯಾರೂ ಜೋರಾಗಿ ನಗುವುದಿಲ್ಲ. ಅನೌನ್ಸರ್ ಎದ್ದು ನಿಂತು ಚೀಲದೊಳಗಿನ ಪ್ರವೇಶಪತ್ರವನ್ನು ಮತ್ತೆ ಮುಟ್ಟಿ ನೋಡಿಕೊಳ್ಳುತ್ತಾರೆ. ಇಸ್ತ್ರಿ ಅಕ್ಕ ಪೆಟ್ಟಿಗೆಯನ್ನು ಕಲ್ಲಿನ ಮೇಲೆ ಎತ್ತಿಟ್ಟು ಕೈ ತೊಳೆಯುತ್ತಾರೆ. ಬಿಸಿಗೆ ಒಗ್ಗಿದ ಆ ಅಂಗೈ ಇವತ್ತು ತಣ್ಣಗಿದೆ ಎಂದು ಕೈ ಹಿಡಿದ ಅನೌನ್ಸರ್‌ಗೆ ಗೊತ್ತಾಗುತ್ತದೆ. "ಏನೇ, ನನಗಿಂತ ನೀನೇ ಹೆದರ್ಕೊಂಡಿದೀಯ?"

ಪರೀಕ್ಷಾ ಕೇಂದ್ರ ಒಂದು ಹಳೆಯ ಶಾಲೆ. ಗೇಟಿನಾಚೆ ನಮಗೆ ಪ್ರವೇಶವಿಲ್ಲ. ಇಸ್ತ್ರಿಯಣ್ಣ ಮತ್ತು ನಾನು ಕಾಂಪೌಂಡಿನ ನೆರಳಿನಲ್ಲಿ ನಿಲ್ಲುತ್ತೇವೆ. ಮುಗಿದ ಗಂಟೆ ಬಾರಿಸುತ್ತದೆ. ಉಳಿದ ಅಭ್ಯರ್ಥಿಗಳು ಉತ್ತರಗಳ ಬಗ್ಗೆ ಜಗಳವಾಡುತ್ತ ಹೊರಬರುತ್ತಾರೆ. ಕಣ್ಣು ಕಾಣದವರಿಗೆ ಹೆಚ್ಚುವರಿ ಸಮಯವಿದೆ, ಹಾಗಾಗಿ ಕಾಯುತ್ತೇವೆ. ಅಷ್ಟರಲ್ಲಿ ಒಬ್ಬ ಮೇಲ್ವಿಚಾರಕರು ಕಾರಿಡಾರಿನಲ್ಲಿ ಓಡುತ್ತಾರೆ. ಹಿಂದೆಯೇ ಇನ್ನೊಬ್ಬರು. ಇಸ್ತ್ರಿಯಣ್ಣನ ಬಾಯಿಂದ ತಮಾಷೆ ಹೊರಟುಹೋಗಿದೆ. "ಏನೋ ಆಗಿದೆ," ಎನ್ನುತ್ತಾರೆ, ಗೇಟಿನ ಸರಳನ್ನು ಹಿಡಿದು.

ಆದದ್ದೇನೆಂದು ಆಮೇಲೆ ಇಸ್ತ್ರಿ ಅಕ್ಕನೇ ಹೇಳುತ್ತಾರೆ.

ಮೂವತ್ತೇಳನೇ ಪ್ರಶ್ನೆ ಓದಿದಾಗ ಅನೌನ್ಸರ್ "ಇದು ಬಿಡು, ಆಮೇಲೆ ನೋಡೋಣ" ಎಂದರು. ಸರಿಯಾಗಿ ಅದೇ ಹೊತ್ತಿಗೆ ಹಾಜರಿ ಪಡೆಯುವವರು ಬಂದರು. ಪೆನ್ನು ಕೆಳಗಿಟ್ಟು, ಅನೌನ್ಸರ್ ಅವರ ಹೆಬ್ಬೆರಳನ್ನು ಶಾಯಿಗೆ ಒತ್ತಿಸಿ, ಹಾಳೆಯ ಚೌಕದೊಳಗೆ ಮೂಡಿಸಿ, ಒರೆಸಿ ಕೂರಿಸಿದ್ದಾಯಿತು. ಮತ್ತೆ ಪೆನ್ನು ಹಿಡಿದು ಮೂವತ್ತೆಂಟನ್ನು ಓದಿದರು, ಉತ್ತರ ಬಂತು, ಕೈ ಮೊದಲ ಖಾಲಿ ಸಾಲಿಗೆ ಹೋಯಿತು. ಅದು ಬಿಟ್ಟಿದ್ದ ಮೂವತ್ತೇಳರ ಸಾಲು. ತುಂಬುವ ಮುನ್ನ ಸಾಲಿನ ಸಂಖ್ಯೆಯನ್ನು ಬಾಯಿಬಿಟ್ಟು ಹೇಳುವುದು ಇವರ ಪದ್ಧತಿ. ಹೆಬ್ಬೆಟ್ಟಿನ ಗಡಿಬಿಡಿಯಲ್ಲಿ ಆ ಪದ್ಧತಿಯೇ ತಪ್ಪಿತು. ಅಲ್ಲಿಂದ ಮುಂದೆ ಪ್ರತಿ ಉತ್ತರವೂ ಒಂದು ಸಾಲು ಮೇಲೆ ಹೋಗಿ ಕೂತಿತು. ನೂರನೇ ಪ್ರಶ್ನೆಗೆ ಉತ್ತರ ತುಂಬಿದ ಮೇಲೂ ಕೆಳಗೆ ಒಂದು ಸಾಲು ಖಾಲಿ ಉಳಿದಿರುವುದು ಕಂಡಾಗಲೇ ತಪ್ಪು ಗೊತ್ತಾದದ್ದು.

ಶಾಯಿಯಲ್ಲಿ ತುಂಬಿದ್ದನ್ನು ಅಳಿಸುವಂತಿಲ್ಲ. ಅರ್ಧಕ್ಕಿಂತ ಹೆಚ್ಚು ಉತ್ತರಗಳು ಅದಲುಬದಲು. ಪಕ್ಕದಲ್ಲಿ ಅನೌನ್ಸರ್ ನಿರಾಳವಾಗಿ ಬೆನ್ನು ಒರಗಿಸಿ, "ಈಗ ಆ ಬಿಟ್ಟಿದ್ದನ್ನ ಓದೇ," ಎನ್ನುತ್ತಿದ್ದಾರೆ.

"ಹೇಳದೇ ಇದ್ದಿದ್ದರೆ?" ಎಂದು ನಾನು ಕೇಳುತ್ತೇನೆ. ಕೇಳಬಾರದಿತ್ತೇನೋ.

"ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಅದೇ ನನಗೆ ಭಯ ಆಗಿದ್ದು. ಫೇಲ್ ಅಂತ ಬಂದ್ರೆ ತನ್ನ ತಲೇನೇ ಸರಿ ಇಲ್ಲ ಅಂದ್ಕೊಂಡು ಸಾಯೋವರೆಗೂ ಕೂತಿರ್ತಿದ್ಲು. ನನ್ನ ಕೈ ಮಾಡಿದ ತಪ್ಪು ಅವಳ ತಲೆ ಮೇಲೆ."

ಹಾಗಾಗಿ ಹೇಳಿದರು. "ಸಾಲು ಜಾರಿದೆ ಕಣೇ. ಮೂವತ್ತೇಳರಿಂದ. ತಪ್ಪು ನಂದು." ಅದನ್ನು ಕೇಳಿಸಿಕೊಂಡ ಕೊಠಡಿಯ ಮೇಲ್ವಿಚಾರಕರು "ಎರಡನೇ ಪ್ರತಿ ಕೊಡೋಕಾಗಲ್ಲ" ಎಂದು ಕೈಚೆಲ್ಲಿದರು. ಮುಖ್ಯ ಮೇಲ್ವಿಚಾರಕಿ ಬಂದರು, ನಿಯಮದ ಪುಸ್ತಕ ಬಂತು. ಪುಟ ತಿರುವಿದಷ್ಟೂ ಸಮಯ ಸೋರುತ್ತಿದೆ. ಕೊನೆಗೆ ಒಂದು ನಿಯಮ ಸಿಕ್ಕಿತು. ತಪ್ಪು ಪೂರ್ತಿ ತನ್ನದೇ ಎಂದು ಬರಹಗಾರರು ಲಿಖಿತವಾಗಿ ಒಪ್ಪಿಕೊಂಡರೆ ಹೊಸ ಉತ್ತರ ಪತ್ರಿಕೆ ಕೊಡಬಹುದು. ಹಳೆಯದನ್ನು ಆಗಲೇ ಮುಚ್ಚಿ ಮೊಹರು ಮಾಡಬೇಕು, ಅದನ್ನು ನೋಡಿ ನಕಲಿಸುವಂತಿಲ್ಲ. ಸಮಯ ಹೆಚ್ಚು ಸಿಗುವುದಿಲ್ಲ. ಒಪ್ಪಿಕೊಂಡವರ ಹೆಸರನ್ನು ಬರಹಗಾರರ ಪಟ್ಟಿಯಿಂದ ಶಾಶ್ವತವಾಗಿ ಹೊಡೆದುಹಾಕಲಾಗುತ್ತದೆ.

"ಎಲ್ಲಿ ಸಹಿ ಮಾಡ್ಬೇಕು ಅಂದೆ, ಅಷ್ಟೇ. ಯೋಚನೆ ಮಾಡ್ತಾ ಕೂತ್ರೆ ಅವಳ ಹೊತ್ತು ತಾನೇ ಹೋಗೋದು?"

ಹೊಸ ಹಾಳೆ ಬಂದಾಗ ಉಳಿದಿದ್ದು ಹದಿನೈದು ನಿಮಿಷ. ನೂರು ಪ್ರಶ್ನೆಗಳನ್ನು ಮತ್ತೆ ಓದುವ ಮಾತು ಕನಸೇ. ಆಗ ಅನೌನ್ಸರ್ ನೆಟ್ಟಗೆ ಕೂತು, ಗಂಟಲು ಸರಿಮಾಡಿಕೊಂಡು, ನಿಲ್ದಾಣದಲ್ಲಿ ಕೂಗುವ ಅದೇ ದನಿಯಲ್ಲಿ ಶುರು ಮಾಡಿದರು. "ಒಂದು, ಎರಡನೇ ಪ್ಲಾಟ್‌ಫಾರಂ. ಎರಡು, ನಾಲ್ಕನೇ ಪ್ಲಾಟ್‌ಫಾರಂ. ಮೂರು, ನಾಲ್ಕನೇ ಪ್ಲಾಟ್‌ಫಾರಂ." ಈ ಸಲ ಇಸ್ತ್ರಿ ಅಕ್ಕ ಒಂದೊಂದು ಸಾಲಿನ ಸಂಖ್ಯೆಯನ್ನೂ ಗಟ್ಟಿಯಾಗಿ ಹೇಳಿಯೇ ತುಂಬಿದರು. ಮುಖ್ಯ ಮೇಲ್ವಿಚಾರಕಿ ಕದಲದೆ ಪಕ್ಕದಲ್ಲಿ ನಿಂತಿದ್ದರು. ಎಂಬತ್ತರ ಹತ್ತಿರ ಅನೌನ್ಸರ್ ಒಮ್ಮೆ ತಡವರಿಸಿದರು. ಆ ಪ್ರಶ್ನೆಯ ಮೊದಲ ನಾಲ್ಕು ಪದ ಓದಿದ್ದೇ ತಡ, ಬಸ್ಸು ಮತ್ತೆ ಹೊರಟಿತು. ಬಿಟ್ಟಿದ್ದ ಮೂವತ್ತೇಳಕ್ಕೆ ಹೊತ್ತು ಸಿಗಲಿಲ್ಲ. ಅದು ಖಾಲಿಯೇ ಉಳಿದು ಗಂಟೆ ಬಾರಿಸಿತು.

ಗೇಟಿನಿಂದ ಹೊರಬಂದಾಗ ಇಬ್ಬರ ಮುಖವೂ ಬಿಳಿಚಿಕೊಂಡಿತ್ತು. ಇಸ್ತ್ರಿಯಣ್ಣ ನೀರಿನ ಬಾಟಲಿ ಚಾಚಿದರು. ಇಸ್ತ್ರಿ ಅಕ್ಕ ರಸ್ತೆಯ ಅಂಚಿಗೇ ಕೂತು ಬಿಕ್ಕಿದರು.

ಅಲ್ಲಿಂದ ಆಯ್ಕೆ ಪಟ್ಟಿ ಬರುವವರೆಗಿನ ತಿಂಗಳುಗಳು ಹೇಗಿದ್ದವೆಂದು, ನಾನು ಮತ್ತೆ ಅಂಗಡಿಗೆ ಹೋದಾಗ, ಅತ್ತೆಯವರು ವರದಿ ಕೊಡುತ್ತಾರೆ: "ಮೂರು ಅಂಗಿ ಸುಟ್ಟಳು. ಹುಟ್ಟಿದಾಗಿಂದ ಸುಟ್ಟೋಳಲ್ಲ." ನಿಲ್ದಾಣದಲ್ಲಿ ಯಂತ್ರ ಕೂಗತೊಡಗಿತು. ಅನೌನ್ಸರ್ ಮನೆಯಲ್ಲಿ ಉಳಿದರು. ದಿನ ಬಿಟ್ಟು ದಿನ ಅಂಗಡಿಗೆ ಬಂದು ಅದೇ ಸ್ಟೂಲಿನ ಮೇಲೆ ಕೂರುತ್ತಿದ್ದರು.

ಕಳೆದ ವಾರ ಪಟ್ಟಿ ಬಂದಿದೆ. ಬಾಲದಲ್ಲಿ, ಕೊನೆಯಿಂದ ಎರಡನೆಯವರಾಗಿ, ಅನೌನ್ಸರ್ ಇದ್ದಾರೆ. ಇಸ್ತ್ರಿಯಣ್ಣ ಓದಿ ಹೇಳಿದಾಗ ಅನೌನ್ಸರ್ ನಂಬದೆ, ಇಸ್ತ್ರಿ ಅಕ್ಕನ ಕೈಲಿ ಇನ್ನೊಮ್ಮೆ ಓದಿಸಿದರಂತೆ, "ಇವಳಾದ್ರೆ ಸುಳ್ಳು ಓದಲ್ಲ" ಎಂದು. ಅತ್ತಿಗೆ ಬೀದಿಗೆಲ್ಲ ಸಿಹಿ ಹಂಚಿದ್ದಾಳೆ. ಇತ್ತ ಬರಹಗಾರರ ಪಟ್ಟಿಯಿಂದ ಒಂದು ಹೆಸರು ಹೋಗಿದೆ. ಬರೆಯಲು ಕೇಳಿಕೊಂಡು ಬಂದವರನ್ನು ಇಸ್ತ್ರಿ ಅಕ್ಕ ಈಗ ಬರಿಗೈಲಿ ಕಳಿಸಬೇಕಾಗಿದೆ. ಅದು ನೋಯುತ್ತದೆಯೇ ಎಂದರೆ ನೋಯುತ್ತದೆ ಎಂದೇ ಹೇಳುತ್ತಾರೆ, ಅದರಲ್ಲಿ ಮುಚ್ಚುಮರೆಯಿಲ್ಲ.

ನಾನು ಹೊರಡುವ ಹೊತ್ತಿಗೆ, ದುಪ್ಪಟಿಯೊಂದನ್ನು ನಾಲ್ಕಾಗಿ ಮಡಿಸುತ್ತ, ಇಸ್ತ್ರಿ ಅಕ್ಕ ನಾನು ಕೇಳದ ಒಂದು ಸಂಗತಿ ಹೇಳುತ್ತಾರೆ. ಅರವತ್ತೆರಡನೇ ಪ್ರಶ್ನೆ: ಚೌಕದ ಹಾಳೆಯನ್ನು ಬಲದಿಂದ ಎಡಕ್ಕೊಮ್ಮೆ, ಮೇಲಿಂದ ಕೆಳಕ್ಕೊಮ್ಮೆ ಮಡಿಸಿ, ಎರಡೂ ಮಡಿಕೆ ಕೂಡುವ ಮೂಲೆಯನ್ನು ಕತ್ತರಿಸಿದರೆ, ಬಿಚ್ಚಿದಾಗ ಎಷ್ಟು ತೂತು? ಅನೌನ್ಸರ್ ನಾಲ್ಕು ಎಂದರು. "ಒಂದೇ ಅದು, ಹಾಳೆ ಮಧ್ಯದಲ್ಲಿ. ದಿನಾ ಮಡಿಸೋ ಕೈಗೆ ಗೊತ್ತಾಗಲ್ವಾ? ಮೊದಲನೇ ಸಲ ನಾಲ್ಕು ಅಂತ ತುಂಬಿದೆ. ಹೊಸ ಹಾಳೆಲೂ ನಾಲ್ಕು ಅಂದ್ಲು, ನಾಲ್ಕನ್ನೇ ತುಂಬಿದೆ."

"ಆ ಒಂದು ಅಂಕದಲ್ಲೇ ಹೋಗಿದ್ದರೆ?"

"ಹೋಗ್ತಿತ್ತು." ದುಪ್ಪಟಿಯ ಮೇಲೆ ಪೆಟ್ಟಿಗೆ ನಿಧಾನಕ್ಕೆ ಜಾರುತ್ತದೆ. "ಪಟ್ಟಿ ಬಂದ ಮೇಲೆ ಅವಳಿಗೂ ಹೇಳ್ದೆ. ಏನು ಬೈದ್ಲು ಅಂತೀರಿ! 'ಪಾಪಿ, ಎರಡು ಸಲದಲ್ಲಿ ಒಂದು ಸಲನಾದ್ರೂ ಕೆಮ್ಮಬಾರ್ದಿತ್ತೇನೇ' ಅಂದ್ಲು."

"ನೀವೇನಂದಿರಿ?"

"'ಬಂದಿತ್ತು ಕಣೇ, ಎರಡು ಸಲಾನೂ ಬಂದಿತ್ತು, ನುಂಗ್ಕೊಂಡೆ' ಅಂದೆ. 'ನೀನು ಕೂರೋ ಕುರ್ಚಿಲಿ ನನ್ನ ಕೆಮ್ಮು ಇರಬಾರ್ದು.'"