ಬಿಸಿಲಿಗೊಂದು ಜಾಗ

ಅಂದು ಬೆಳಿಗ್ಗೆಯೂ ಮನೆಯವರು ಏಳುವ ಮೊದಲೇ ಎದ್ದು ತುಟಿಯ ಪಕ್ಕಕ್ಕೆ ಬಣ್ಣ ಹಚ್ಚಿಕೊಂಡೆ. ಎರಡು ಟ್ಯೂಬು, ಒಂದು ಸ್ವಲ್ಪ ಹಳದಿ, ಇನ್ನೊಂದು ಕಂದು. ಅಂಗೈಯಲ್ಲಿ ಎರಡನ್ನೂ ಕಲಸಿ ಉಂಗುರದ ಬೆರಳಿನಿಂದ ಮೆಲ್ಲಗೆ ತಟ್ಟಬೇಕು. ಉಜ್ಜಿದರೆ ಅಂಚು ಎದ್ದು ಕಾಣುತ್ತದೆ. ಮೇಲೆ ಸ್ವಲ್ಪ ಪೌಡರು. ಕನ್ನಡಿಯ ಮುಂದೆ ಒಂದು ಸಲ ನಕ್ಕು ನೋಡುವುದು, ಏಕೆಂದರೆ ನಕ್ಕಾಗ ಅಲ್ಲಿ ಚರ್ಮ ಮಡಿಚಿಕೊಳ್ಳುತ್ತದೆ, ಬಣ್ಣ ಒಡೆಯುತ್ತದೆ. ಅದು ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆಯೇ ರಾಗಿ ಗಂಜಿಗೆ ನೀರಿಟ್ಟೆ, ಮಗುವಿನ ಮೈಗೆ ಹಚ್ಚಲು ಎಣ್ಣೆ ಬಿಸಿ ಮಾಡಿದೆ.

ಇಂಗ್ಲೆಂಡಿನ ಕಡಲತೀರದ ಸಣ್ಣ ಊರೊಂದರಲ್ಲಿ ತಂಗಿಯ ಬಾಡಿಗೆ ಮನೆ. ಅವಳು ಅಲ್ಲಿನ ಆಸ್ಪತ್ರೆಯಲ್ಲಿ ನರ್ಸು, ಅವಳ ಗಂಡನಿಗೂ ಅಲ್ಲೇ ಲ್ಯಾಬಿನಲ್ಲಿ ಕೆಲಸ. ಅಮ್ಮ ಇಲ್ಲದ್ದರಿಂದ ಅವಳ ಬಾಣಂತನಕ್ಕೆ ಕೋಲಾರದಿಂದ ನಾನು ಹೋಗಿದ್ದೆ. ಜೊತೆಗೆ ಕೊಂಡೊಯ್ದದ್ದು ಹುರಿದ ರಾಗಿಹಿಟ್ಟು, ಮೆಂತ್ಯ, ಬಜೆ, ಮಾವನವರ ಹಳೆಯ ಪಂಚೆ ಹರಿದು ಮಾಡಿದ ಮಗುವಿನ ಬಟ್ಟೆ.

ಬಣ್ಣ ಹಚ್ಚಿ ಮುಚ್ಚುವ ಆ ಬಿಳಿ ಮಚ್ಚೆ ಮೊದಲು ಕಾಣಿಸಿಕೊಂಡದ್ದು ಮಗಳು ಹುಟ್ಟಿದ ಮೇಲೆ, ಸೊಂಟದ ಕೆಳಗೆ, ಹುಣಿಸೆಬೀಜದಷ್ಟು. ಆಮೇಲೆ ಹೊಟ್ಟೆಗೆ, ಬೆನ್ನಿಗೆ, ತೊಡೆಗೆ ಹರಡಿತು. ನಮ್ಮ ಕಡೆ ಕನ್ನಡದಲ್ಲಿ ಅದನ್ನು ತೊನ್ನು ಎನ್ನುತ್ತಾರೆ, ತೆಲುಗಿನಲ್ಲಿ ಬೊಲ್ಲಿ. ಕೋಲಾರದವರ ಬಾಯಲ್ಲಿ ಎರಡು ಭಾಷೆಯೂ ಸಲೀಸು. ಆದರೆ ಈ ಮಾತು ಬಂದಾಗ ಎಲ್ಲರೂ ದನಿ ತಗ್ಗಿಸಿ ತೆಲುಗಿಗೇ ಹೋಗುತ್ತಾರೆ. ಸೀರೆ ಮತ್ತು ಉದ್ದ ತೋಳಿನ ರವಿಕೆ ನನ್ನನ್ನು ಇಷ್ಟು ವರ್ಷ ಕಾಪಾಡಿದವು. ನನ್ನ ಯಜಮಾನರು, ಮಗಳು, ತಂಗಿ, ಈ ಮೂವರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಹೋದ ವರ್ಷ ಅದು ತುಟಿಯ ಪಕ್ಕಕ್ಕೆ ಬಂತು.

ಬೆಂಗಳೂರಿನ ಡಾಕ್ಟರು ಒಂದು ಲೋಷನ್ ಬರೆದುಕೊಟ್ಟು, ಹಚ್ಚಿಕೊಂಡು ದಿನಾ ಸ್ವಲ್ಪ ಹೊತ್ತು ಬಿಸಿಲಿಗೆ ಮೈಯೊಡ್ಡಿ ಎಂದರು. "ಕೋಲಾರದವರು ನೀವು, ಬಿಸಿಲಿಗೇನು ಬರ?" ಎಂದು ನಕ್ಕರು. ಬಿಸಿಲಿಗೆ ಬರವಿಲ್ಲ, ನಿಜ. ಆದರೆ ಮನೆಯ ಹೆಂಗಸು ಬೆನ್ನು ಬಿಚ್ಚಿ ಅದಕ್ಕೆ ಒಡ್ಡುವ ಜಾಗ ಎಲ್ಲಿದೆ? ಮಹಡಿ ಹತ್ತಿದರೆ ಪಕ್ಕದ ಮನೆಯ ಅಕ್ಕ ಅಲ್ಲಿ ಹಪ್ಪಳ ಒಣಗಿಸುತ್ತಿರುತ್ತಾರೆ, ಆಚೆ ಮಹಡಿಯಲ್ಲಿ ಕಾಲೇಜು ಹುಡುಗರು ಫೋನು ಹಿಡಿದು ನಿಂತಿರುತ್ತಾರೆ. ಕೊನೆಗೆ ನನಗೆ ಸಿಕ್ಕಿದ್ದು ಬಚ್ಚಲಿನ ಗವಾಕ್ಷಿಯಿಂದ ಬೀಳುವ ಅಂಗೈಯಗಲದ ಬಿಸಿಲು. ಅದು ಗೋಡೆಯ ಮೇಲೆ ಸರಿದಂತೆ ನಾನೂ ಬೆನ್ನು ಸರಿಸಿಕೊಂಡು ನಿಲ್ಲುತ್ತಿದ್ದೆ. ಅಷ್ಟಕ್ಕೂ ನನಗೆ ಸಂಕೋಚ. ಓದಿದ್ದು ಕಾನ್ವೆಂಟಿನಲ್ಲಿ, ಹಾಸ್ಟೆಲಿನಲ್ಲಿದ್ದುಕೊಂಡು. ಲಂಗವನ್ನು ಎದೆಯ ಮೇಲೆ ಕಟ್ಟಿಕೊಂಡೇ ಸ್ನಾನ ಮಾಡಬೇಕಿತ್ತು. ಒಬ್ಬಳೇ ಇದ್ದರೂ ದೇವರು ಕಳಿಸಿದ ಕಾವಲುದೂತ ಪಕ್ಕದಲ್ಲೇ ನಿಂತಿರುತ್ತಾನೆ ಎಂದು ಅಲ್ಲಿನ ಸಿಸ್ಟರುಗಳು ಹೇಳಿಕೊಟ್ಟಿದ್ದರು. ಈಗಲೂ ಬಚ್ಚಲಿನ ಬಾಗಿಲು ಹಾಕಿದ ಮೇಲೆ ಒಂದು ಸಲ ಹಿಂತಿರುಗಿ ನೋಡುತ್ತೇನೆ.

ಗುಣವಾಗಲಿ ಎಂಬ ಆತುರ ನನಗಾಗಿ ಇರಲಿಲ್ಲ. ಮಗಳಿಗೆ ಮಾಲೂರಿನ ಸಂಬಂಧ ಕುದುರಿತ್ತು. ಹುಡುಗ ವೇಮಗಲ್ಲಿನ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರು. ಈ ಸಂಬಂಧ ತಂದವರು ಅದೇ ಪಕ್ಕದ ಮನೆಯ ಅಕ್ಕ, ಹುಡುಗನ ತಾಯಿ ಅವರ ಚಿಕ್ಕಮ್ಮನ ಮಗಳು. ನಾನು ಊರಿಗೆ ಮರಳಿದ ಮೇಲೆ ನಿಶ್ಚಿತಾರ್ಥ. ಮಗಳು ಸಂಜೆ ಅವನ ಜೊತೆ ಫೋನಿನಲ್ಲಿ ಮಾತಾಡಿ ಬಂದಾಗ ತಾನೇ ಎದ್ದು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಅವಳಿಗೆ ಅವನೆಂದರೆ ಅಷ್ಟು ಇಷ್ಟ. ಹೋಳೂರಿನ ಕಡೆ ನಮಗೆ ಗೊತ್ತಿರುವ ಒಂದು ಮನೆಯಲ್ಲಿ ಹುಡುಗಿಯ ಸೋದರತ್ತೆಗೆ ಬೊಲ್ಲಿ ಇದೆ ಎಂದು ತಿಳಿದು, ಎಲ್ಲ ಒಪ್ಪಿಕೊಂಡಿದ್ದ ಗಂಡಿನವರು ಮತ್ತೆ ಸುದ್ದಿಯನ್ನೇ ಕಳಿಸಲಿಲ್ಲ. ಸೋದರತ್ತೆಗೇ ಹಾಗೆ. ಇಲ್ಲಿ ಹೆತ್ತ ತಾಯಿ.

ಅಂದು ಹನ್ನೊಂದರ ಹೊತ್ತಿಗೆ ಮೋಡ ಸರಿದು ಒಳ್ಳೆ ಬಿಸಿಲು ಬಿತ್ತು.

"ಅಕ್ಕ, ಏಳು. ಈ ಊರಲ್ಲಿ ಬಿಸಿಲು ಬಂದ್ರೆ ಪಾತ್ರೆ ಅಲ್ಲೇ ಬಿಟ್ಟು ಎದ್ದೋಗ್ಬೇಕು," ಎಂದಳು ತಂಗಿ.

"ಬಾಣಂತಿ ನೀನು. ತಲೆಗೆ ಬಟ್ಟೆ ಕಟ್ಕೋ."

"ಕಟ್ಕೋತೀನಿ ತಾಯಿ. ನೀನು ಆ ಲೋಷನ್ ಎತ್ಕೋ."

ಮಗುವಿನ ಗಾಡಿ ತಳ್ಳಿಕೊಂಡು ಕಡಲ ದಂಡೆಗೆ ಹೋದೆವು. ಮರಳಿಗಿಂತ ನುಣ್ಣನೆಯ ಕಲ್ಲುಗಳೇ ಜಾಸ್ತಿ. ಈಜುಡುಗೆಯ ಜನ, ಐಸ್‌ಕ್ರೀಮಿನ ವ್ಯಾನು, ಎಲ್ಲ ದಾಟಿದ ಮೇಲೂ ಅವಳು ನಿಲ್ಲಲಿಲ್ಲ. ನಮ್ಮ ಕಡೆಯ ಟೇಕಲ್ ಬೆಟ್ಟದ ಬುಡದಲ್ಲಿ ಉರುಳಿ ಬಿದ್ದಿರುವಂಥ ಬಂಡೆಗಳು ಎದುರಾದವು. ಅಲ್ಲಿ ನಿಂತು ಹೇಳಿದಳು.

"ಅಕ್ಕ, ಗಾಬರಿ ಆಗ್ಬೇಡ. ಈ ಬಂಡೆ ಆಚೆ ಜನ ಬಟ್ಟೆ ಹಾಕಲ್ಲ."

"ಅಂದ್ರೆ?"

"ಅಂದ್ರೆ ಏನೂ ಹಾಕಲ್ಲ."

"ಏನ್ ಹೇಳ್ತಾ ಇದ್ದೀಯೇ? ಪೊಲೀಸಿನೋರು ಸುಮ್ನೆ ಬಿಡ್ತಾರಾ?"

"ಬೋರ್ಡಿಲ್ಲ, ಪರ್ಮಿಶನ್ನೂ ಇಲ್ಲ. ಊರಿನೋರಿಗೆಲ್ಲ ಗೊತ್ತು, ಅಷ್ಟೆ. ನಿನ್ನ ಬೆನ್ನಿಗೆ ಬಿಸಿಲು ತೋರಿಸೋಕೆ ಜಾಗ ಇಲ್ಲ ಅಂತ ಅತ್ಕೊಂಡಿದ್ಯಲ್ಲ, ಇದೇ ಜಾಗ. ಯಾರೂ ನೋಡಲ್ಲ ಬಾ."

ಬಂಡೆ ದಾಟಿ ಮೊದಲು ಕಂಡದ್ದು, ಬಿದಿರ ತಟ್ಟೆಯ ಮೇಲೆ ಮೈಚೆಲ್ಲಿದ ರೇಷ್ಮೆಹುಳುಗಳ ಹಾಗೆ ಟವೆಲುಗಳ ಮೇಲೆ ಬಿದ್ದುಕೊಂಡ ಬೆಳ್ಳನೆಯ ದೇಹಗಳು. ನಾನು ಕಣ್ಣು ಕೆಳಗೆ ಹಾಕಿ ಕಲ್ಲುಗಳನ್ನೇ ನೋಡುತ್ತಾ ನಡೆದೆ. ಆದರೂ ಕಂಡವು. ಒಬ್ಬ ಮುದುಕರು ಬೂದು ಕಾಲುಚೀಲ ಮತ್ತು ಕೈಗಡಿಯಾರ ಬಿಟ್ಟು ಬೇರೇನೂ ಇಲ್ಲದೆ ಪೇಪರು ಓದುತ್ತಿದ್ದರು. ಗಾಳಿಗೆ ಪುಟ ಹಾರದಂತೆ ಅಂಚಿಗೊಂದು ಕಲ್ಲು ಇಟ್ಟಿದ್ದರು. ಒಬ್ಬ ಹೆಂಗಸಿನ ಹೊಟ್ಟೆಯ ಮೇಲೆ ಹಳೆಯ ಆಪರೇಷನ್ನಿನ ಗೀರು ಮಾಸಿದ ದಾರದ ಹಾಗಿತ್ತು. ಒಂದು ಜೋಡಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು, ನಮ್ಮವರು ಜಗಲಿಯ ಮೇಲೆ ಕೂತು ಕುಡಿಯುವಂತೆ ಕುಡಿಯುತ್ತಿದ್ದರು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ನೋಡಿದ್ದು ನನ್ನೊಬ್ಬಳನ್ನು, ಸೀರೆ ಉಟ್ಟಿದ್ದಕ್ಕೆ. ಹುಲ್ಲಿನ ಹ್ಯಾಟು ಮಾತ್ರ ತೊಟ್ಟಿದ್ದ ಅಜ್ಜಿಯೊಬ್ಬರು ಹತ್ತಿರ ಬಂದು ಸೀರೆಯ ಬಣ್ಣ ತುಂಬ ಚೆನ್ನಾಗಿದೆ ಎಂದರು. ನಾನು ಅವರ ಹ್ಯಾಟನ್ನೇ ನೋಡುತ್ತಾ, "ಥ್ಯಾಂಕ್ಯೂ, ಮೇಡಂ," ಎಂದೆ. ಅವರು ಆಚೆ ಹೋದ ಮೇಲೆ ತಂಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

"ಅಲ್ಲಕ್ಕ, ಮೈಮೇಲೆ ನೂಲಿಲ್ಲ, ಅವ್ರಿಗೂ ಮೇಡಮ್ಮಾ!"

ಬಂಡೆಯ ಮಗ್ಗುಲಲ್ಲಿ ಛತ್ರಿ ನೆಟ್ಟು ಮಗುವನ್ನು ನೆರಳಿಗೆ ಮಲಗಿಸಿದೆವು. ಹಾಸ್ಟೆಲಿನಲ್ಲಿ ಕಲಿತ ಹಾಗೆ ಸೆರಗಿನ ಮರೆಯಲ್ಲೇ ರವಿಕೆ ಬಿಚ್ಚಿ, ಎದೆಗೆ ಸೆರಗು ಅವುಚಿಕೊಂಡು, ಕಡಲಿಗೆ ಮುಖ ಮಾಡಿ ಕುಳಿತೆ. ತಂಗಿ ಬೆನ್ನಿಗೆ ಲೋಷನ್ ಹಚ್ಚಿದಳು. "ಮುಖದ್ದೂ ಒರೆಸು. ಅದಕ್ಕೂ ಬಿಸಿಲು ಬೇಕು," ಎಂದಳು. ಒದ್ದೆ ಬಟ್ಟೆಯಲ್ಲಿ ತುಟಿಯ ಪಕ್ಕದ ಬಣ್ಣ ಒರೆಸಿದೆ. ನಾಲ್ಕು ಗೋಡೆಯ ಆಚೆ ಅದನ್ನು ಒರೆಸಿದ್ದು ಅದೇ ಮೊದಲು.

ಬೆನ್ನ ತುಂಬಾ ಬಿಸಿಲು ಬಿತ್ತು. ಅದಕ್ಕೆ ಅಂಚಿರಲಿಲ್ಲ, ಅದು ಸರಿದುಹೋಗುತ್ತದೆಂದು ನಾನೂ ಸರಿಯಬೇಕಿರಲಿಲ್ಲ. ಹಾಯೆನಿಸಬೇಕಿತ್ತು. ನನಗೆ ಅಳು ಬಂತು. ಸುತ್ತ ಮಲಗಿದ್ದವರನ್ನು ಆಗ ಧೈರ್ಯವಾಗಿ ನೋಡಿದೆ. ನಾನು ಅಲ್ಲಲ್ಲಿ ಮುಚ್ಚಿಟ್ಟುಕೊಂಡ ಬಿಳಿ ಅವರಿಗೆ ಮೈತುಂಬ ಇತ್ತು. ಅಲ್ಲಿ ಅದಕ್ಕೆ ಹೆಸರಿರಲಿಲ್ಲ. ಇಷ್ಟೇನಾ ವಿಷಯ ಎಂದುಕೊಂಡೆ. ಇಷ್ಟೇ ಎಂದು ಗೊತ್ತಾಗುವುದರಿಂದ ನನಗೇನು ಪ್ರಯೋಜನ? ಈ ಕಲ್ಲುಗಳ ಮೇಲೆ ನನ್ನ ಮಗಳ ಮದುವೆ ನಡೆಯುವುದಿಲ್ಲ.

"ಮಾಲೂರಿನೋರಿಗೆ ಹೇಳ್ಬಿಡಕ್ಕ. ಇದು ಅಂಟೋ ಕಾಯಿಲೆ ಅಲ್ಲ. ನಾನೇ ಫೋನ್ ಮಾಡಿ ಹೇಳ್ತೀನಿ, ನರ್ಸ್ ಹೇಳಿದ್ರೆ ಕೇಳ್ತಾರೆ."

"ಅಂಟೋದಲ್ಲ ಅಂತ ಅವ್ರಿಗೂ ಗೊತ್ತಿರುತ್ತೆ ಕಣೇ. ಹುಟ್ಟೋ ಮಕ್ಕಳಿಗೆ ಬಂದ್ರೆ ಅಂತಾರೆ. ಬರಲ್ಲ ಅಂತ ಬರ್ಕೊಡ್ತೀಯಾ?"

ಅವಳು ಮಗುವನ್ನು ಮಡಿಲಿಗೆ ಎತ್ತಿಕೊಂಡಳು. "ಅಷ್ಟಕ್ಕೆ ಬಿಟ್ಟೋಗೋರು ಹೋಗ್ಲಿ ಬಿಡು," ಎಂದಳು.

"ನೀನು ಇಲ್ಲಿದ್ದೀಯ. ಹೋಗ್ಲಿ ಅನ್ನೋಕಾಗುತ್ತೆ. ನಾನು ದಿನಾ ಬೆಳಿಗ್ಗೆ ಅವಳ ಮುಖ ನೋಡ್ಬೇಕು."

ಮಗುವಿಗೆ ಹಾಲು ಕೊಡುತ್ತಾ ಕೊಡುತ್ತಾ ತಂಗಿಗೆ ನಿದ್ದೆ ಬಂತು. ರಾತ್ರಿಯೆಲ್ಲಾ ಎದ್ದಿದ್ದವಳು, ತಲೆಗೆ ಕಟ್ಟಿದ ಬಟ್ಟೆ ಕಣ್ಣ ಮೇಲೆ ಜಾರಿತ್ತು. ಎಬ್ಬಿಸಲು ಮನಸ್ಸಾಗಲಿಲ್ಲ. ನಾನು ಕೂತೇ ಇದ್ದೆ. ಸ್ವಲ್ಪ ಹೊತ್ತು ಸಾಕು ಎಂದಿದ್ದಳು. ಬೆನ್ನು ಚುರುಗುಟ್ಟಿದಾಗಲೂ ಮುಚ್ಚಿಕೊಳ್ಳಲಿಲ್ಲ. ಇಷ್ಟು ವರ್ಷದ ಬಿಸಿಲನ್ನೆಲ್ಲ ಅಂದೇ ಕುಡಿದುಬಿಡಬಹುದು ಎಂದು ಯಾವುದೋ ಹುಚ್ಚು. ಪೇಪರಿನ ಮುದುಕರು ಎದ್ದು, ಕಲ್ಲಿನ ಮೇಲೆ ಒಂದೊಂದೇ ಕಾಲಿಡುತ್ತಾ ನೀರಿಗೆ ಇಳಿದರು. ತಣ್ಣಗಿತ್ತೇನೋ, ಭುಜ ಕುಗ್ಗಿಸಿ ಸ್ವಲ್ಪ ಹೊತ್ತು ನಿಂತು ಆಮೇಲೆ ಮುಳುಗಿದರು.

ತಂಗಿ ಎಚ್ಚರಗೊಂಡು ನನ್ನ ಬೆನ್ನು ನೋಡಿ, "ಅಯ್ಯೋ ಅಕ್ಕ!" ಎಂದಳು. ಬಿಳಿಯಿದ್ದ ಕಡೆಯೆಲ್ಲಾ ಕೆಂಪಗೆ ಸುಟ್ಟಿತ್ತು. ಗಡಿಬಿಡಿಯಲ್ಲಿ ರವಿಕೆ ತೊಡಿಸಿ ಮನೆಗೆ ಕರೆತಂದಳು. ಬೋರಲು ಮಲಗಿಸಿ ಒದ್ದೆ ಬಟ್ಟೆ ಹಾಕುತ್ತಾ, ತನ್ನನ್ನೇ ಬೈದುಕೊಳ್ಳುತ್ತಾ, ಮಧ್ಯೆ ಅಳುವ ಮಗುವನ್ನೂ ಸುಧಾರಿಸುತ್ತಾ, ಹಾಗೆಯೇ ಸಂಜೆಯಾಯಿತು. ಸುತ್ತಲಿನ ಚರ್ಮ ಕಪ್ಪಾಗಿದೆ, ಬಿಳಿಯಿದ್ದಲ್ಲಿ ಸುಟ್ಟ ಕೆಂಪು ಬಿಟ್ಟರೆ ಬಣ್ಣವೇ ಬಂದಿಲ್ಲ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಬಟ್ಟೆ ಬದಲಿಸುವ ಅವಳ ಕೈ ನಿಂತದ್ದರಿಂದ ನನಗೆ ತಿಳಿಯಿತು. ಔಷಧಿ, ಬಿಸಿಲು, ಇಷ್ಟು ದೂರ ಬಂದು ಸಿಕ್ಕ ಜಾಗ, ಇನ್ನು ಮಾಡುವುದಕ್ಕೆ ಏನೂ ಉಳಿದಿಲ್ಲ ಅನ್ನಿಸಿತು.

ಆಗಲೇ ಫೋನು ಗುಂಯ್‌ಗುಟ್ಟಿದ್ದು. ದಿನಾ ಆ ಹೊತ್ತಿಗೆ, ಊರಿನಲ್ಲಿ ಊಟ ಮುಗಿದ ಮೇಲೆ, ಮಗಳು ವಿಡಿಯೋ ಕಾಲ್ ಮಾಡುತ್ತಾಳೆ. ಎದ್ದು ಕೂತು, ಸೆರಗು ಸರಿಮಾಡಿಕೊಂಡು ಎತ್ತಿದೆ. ಪರದೆಯಲ್ಲಿ ಇದ್ದದ್ದು ಮಗಳಲ್ಲ, ಫೋನು ಕಸಿದುಕೊಂಡ ಪಕ್ಕದ ಮನೆಯ ಅಕ್ಕ. ಮಗಳು ಅವರ ಹೆಗಲ ಹಿಂದೆ ನಗುತ್ತಾ ನಿಂತಿದ್ದಳು.

"ಏಮಮ್ಮಾ ದೊರಸಾನಿ, ನಮ್ಮನ್ನೆಲ್ಲಾ ಮರ್ತೇಬಿಟ್ಯಾ? ಮಾಲೂರಿನೋರು ಬಂದಿದ್ರು ಇವತ್ತು. ಬೀಗತಿ ಯಾವಾಗ ಬರ್ತಾರೆ ಅಂತ ನಿನ್ನನ್ನೇ ಕೇಳ್ತಿದ್ರು. ನಿಶ್ಚಿತಾರ್ಥದಲ್ಲಿ ನಿನ್ನ ಪಕ್ಕ ಕೂತು ಫೋಟೋ ತೆಗೆಸ್ಕೊಬೇಕಂತೆ ಆಯಮ್ಮ."

"ಬರ್ತೀನಿ ಅಕ್ಕ, ಇನ್ನೇನು ಬಂದ್ಬಿಡ್ತೀನಿ," ಎಂದು ನಕ್ಕೆ.

ಮಗಳ ನಗು ನಿಂತಿತು. ಅವಳ ಕೈ ಮೆಲ್ಲಗೆ ಅವಳದೇ ತುಟಿಯ ಪಕ್ಕಕ್ಕೆ ಹೋಯಿತು. ಅಕ್ಕ ಕಣ್ಣು ಕಿರಿದು ಮಾಡಿ ಫೋನನ್ನು ಮುಖದ ಹತ್ತಿರ ತಂದುಕೊಂಡರು.

"ಬಾಯಿ ಪಕ್ಕ ಸುಣ್ಣ ಅಂಟಿದೆ ನೋಡಮ್ಮಾ, ಒರೆಸ್ಕೋ. ಅಲ್ಲೂ ಎಲೆ ಅಡಿಕೆ ಸಿಗ್ತದಾ?"